ಕಾಲಿಲ್ಲದ ಡಬ್ಬಿ

ದೊಡ್ಡಾಸ್ಪತ್ರೆಯ ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಆ ಕೋಣೆಯಲ್ಲಿ, ಟೆಲಿಫೋನ್ ಬೋರ್ಡಿನ ಮುಂದೆ, ಅಕ್ಕ ಮೂವತ್ತೊಂದು ವರ್ಷ ಕೂತಿದ್ದಳು. ಡಾಕ್ಟರುಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು 'ಎಕ್ಸ್‌ಚೇಂಜ್ ಅಕ್ಕ'. ಮನೆಯಲ್ಲಿ ತಮ್ಮನೂ ಅಕ್ಕ ಎನ್ನುತ್ತಿದ್ದ. ಹೀಗೆ ಒಳಗೂ ಹೊರಗೂ ಅಕ್ಕನೇ ಆಗಿಹೋಗಿ, ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನಿವೃತ್ತಿಯಾದ ಮೇಲೆ ಅಲ್ಲಿಂದಲೂ ಹೋಯಿತು.

ಬೋರ್ಡು ನೋಡಲು ಆಳೆತ್ತರದ ಮರದ ಬೀರುವಿನ ಹಾಗಿತ್ತು. ಅದರ ಮೈತುಂಬ ಹಿತ್ತಾಳೆಯ ಅಂಚಿನ ತೂತುಗಳು. ಒಂದೊಂದು ತೂತು ಒಂದೊಂದು ವಾರ್ಡು. ಕೆಳಗೆ ಎರಡು ಸಾಲು ವೈರುಗಳು. ಕರೆ ಬಂದರೆ ಕಡಲೆಕಾಳಿನಷ್ಟು ದೀಪ ಹತ್ತುತ್ತಿತ್ತು. ಅಕ್ಕ ವೈರೆತ್ತಿ ಕೇಳಿದ ವಾರ್ಡಿನ ತೂತಿಗೆ ಸಿಕ್ಕಿಸುತ್ತಿದ್ದಳು. ಕರೆಂಟು ಹೋಗಿ ಕೋಣೆ ಕಗ್ಗತ್ತಲಾದಾಗಲೂ ಅವಳ ಕೈ ತಡವರಿಸುತ್ತಿರಲಿಲ್ಲ. "ಅಕ್ಕಂಗೆ ಬೆರಳ ತುದೀಲಿ ಕಣ್ಣು" ಎಂದು ನರ್ಸುಗಳು ತಮಾಷೆ ಮಾಡುತ್ತಿದ್ದರು. ಆ ಮಾತು ಮುಂದೆ ತಮಾಷೆಯಾಗಿ ಉಳಿಯುವುದಿಲ್ಲ ಎಂದು ಆಗ ಯಾರಿಗೆ ಗೊತ್ತಿತ್ತು.

ಅವಳು ತನ್ನ ಕೆಲಸಕ್ಕೆ ಎರಡು ಕಟ್ಟಳೆ ಇಟ್ಟುಕೊಂಡಿದ್ದಳು. ಒಂದು, ಯಾವ ವಾರ್ಡು ಎಂದು ಎರಡು ಸಲ ಕೇಳದೆ ವೈರು ಸಿಕ್ಕಿಸಬಾರದು. ಇನ್ನೊಂದು, "ಮಾತು ಮುಗಿಯಿತೇ?" ಎಂದು ಕೇಳದೆ ವೈರು ಕೀಳಬಾರದು. ಲೈನಿನಲ್ಲಿ ಸದ್ದಿಲ್ಲ ಎಂದರೆ ಮಾತು ಮುಗಿದಿದೆ ಎಂದು ಅರ್ಥವಲ್ಲ. ಕೆಲವರು ಬರೆದುಕೊಳ್ಳಲು ಪೆನ್ನು ಹುಡುಕುತ್ತಿರುತ್ತಾರೆ. ಕೆಲವರು ಸದ್ದಿಲ್ಲದೆ ಅಳುತ್ತಿರುತ್ತಾರೆ.

ಎರಡನೆಯ ಕಟ್ಟಳೆಯನ್ನು ಹಿರಿಯ ಆಪರೇಟರು ಕಲಿಸಿದ್ದಳು. ಮೊದಲನೆಯದನ್ನು ಒಬ್ಬ ಗಂಡಸು ಕಲಿಸಿದ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅವನು ಹನ್ನೊಂದನೆಯ ವಾರ್ಡು ಕೇಳಿದ್ದ. ಅಕ್ಕ ಎರಡನೆಯ ಸಲ ಕೇಳದೆ, ಅವಸರದಲ್ಲಿ ವೈರನ್ನು ಪಕ್ಕದ ತೂತಿಗೆ ಸಿಕ್ಕಿಸಿಬಿಟ್ಟಳು. ಹನ್ನೆರಡನೆಯ ವಾರ್ಡಿನ ನರ್ಸು, ತಾನು ಕಾಯುತ್ತಿದ್ದ ಬೇರೊಬ್ಬರ ಕರೆ ಎಂದುಕೊಂಡು, "ನಿಮ್ಮ ತಾಯಿ ಬೆಳಗ್ಗೆ ಹೋಗ್ಬಿಟ್ರು, ಬಂದು ಕರ್ಕೊಂಡು ಹೋಗಿ" ಎಂದುಬಿಟ್ಟಳು. ಅವನು ಓಡಿಬಂದಾಗ ಹನ್ನೊಂದನೆಯ ವಾರ್ಡಿನಲ್ಲಿ ಅವನ ತಾಯಿ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು. ಆಮೇಲೆ ಅವನು ಮೆಟ್ಟಿಲ ಕೆಳಗಿನ ಕೋಣೆ ಹುಡುಕಿಕೊಂಡು ಬಂದ. ಬೈಯಲಿಲ್ಲ. ಬಾಗಿಲಲ್ಲೇ ನಿಂತು, "ಒಂದು ಗಂಟೆ ನನಗೆ ಅಮ್ಮ ಇರಲಿಲ್ಲ" ಎಂದಷ್ಟೇ ಹೇಳಿ ಹೋದ. ಅವನು ಬೈದಿದ್ದರೆ ಅಕ್ಕ ಎರಡು ದಿನ ಅತ್ತು ಮರೆಯುತ್ತಿದ್ದಳು. ಬೈಯದೆ ಹೋದದ್ದರಿಂದ ಆ ಮಾತು ಅವಳ ಬೆರಳುಗಳಲ್ಲೇ ಉಳಿದುಬಿಟ್ಟಿತು. ಅಂದಿನಿಂದ ಅವಳ ಕೈ ಮತ್ತೆ ತಪ್ಪಲಿಲ್ಲ.

ನಿವೃತ್ತಿಯ ವರ್ಷ ಬೋರ್ಡನ್ನೂ ತೆಗೆದರು. "ಒಂದು ಒತ್ತಿ, ಎರಡು ಒತ್ತಿ" ಎನ್ನುವ ಯಂತ್ರ ಬಂತು. ಅದಾದ ಮೂರು ವರ್ಷಕ್ಕೆ ಕಣ್ಣಿನ ಒತ್ತಡದ ಕಾಯಿಲೆ ಬಂದು, ಎರಡೂ ಪಕ್ಕ ಗೋಡೆ ಎದ್ದ ಹಾಗಾಯಿತು. ಗೋಡೆಗಳು ಹತ್ತಿರ ಬಂದು ಬಂದು ಬೀಗದ ತೂತಿನಷ್ಟು ಜಗತ್ತು ಉಳಿಯಿತು. ಕೊನೆಗೆ ಆ ತೂತಿನಲ್ಲೂ ಹೊಗೆ ತುಂಬಿತು. ಈಗ ಅವಳಿಗೆ ಬೆಳಕು ಯಾವ ಕಡೆ, ಕತ್ತಲೆ ಯಾವ ಕಡೆ ಎಂದಷ್ಟೇ ತಿಳಿಯುತ್ತದೆ.

ಅವಳಿದ್ದದ್ದು ತಮ್ಮನ ಮನೆಯಲ್ಲಿ, ಮೂರನೆಯ ಮಹಡಿಯಲ್ಲಿ. ತಮ್ಮ ಅವಳಿಗಿಂತ ಹದಿಮೂರು ವರ್ಷ ಚಿಕ್ಕವನು. ಅವ್ವ ತೀರಿಕೊಂಡ ಮೇಲೆ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕನೇ. ಈಗ ಅವನು ಒಂದು ದೊಡ್ಡ ಟಿವಿ ಅಂಗಡಿಯಲ್ಲಿ ಮಾರಾಟಗಾರ. ಬೋಳುತಲೆಯವನಿಗೂ ಬಾಚಣಿಗೆ ಮಾರಿ ಕಳಿಸುವ ಬಾಯಿ ಅವನದು. ಅವನ ಹೆಂಡತಿ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಬಂದವರ ಹೆಸರು ಬರೆದು ಕೂರಿಸುವ ಕೆಲಸ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ಹೊರಟು ಬಾಗಿಲು ಎಳೆದುಕೊಂಡರೆ ಅದು ಮತ್ತೆ ತೆರೆಯುತ್ತಿದ್ದದ್ದು ಸಂಜೆ ಆರಕ್ಕೆ. ನಡುವಿನ ಒಂಬತ್ತು ಗಂಟೆ ಅಕ್ಕನದು.

ತಮ್ಮ ಕೆಟ್ಟವನು ಎಂದರೆ ತಪ್ಪಾಗುತ್ತದೆ. ಆ ಒಂಬತ್ತು ಗಂಟೆ ಅಕ್ಕನನ್ನು ತಿನ್ನುತ್ತಿದೆ ಎಂದು ಮೊದಲು ಕಂಡುಕೊಂಡವನೇ ಅವನು. ನಾಲ್ಕು ವರ್ಷದ ಹಿಂದೆ ಅಂಗಡಿಯಿಂದ ಅಂಗೈಯಗಲದ ಒಂದು ಕಪ್ಪು ಡಬ್ಬಿ ತಂದ. ಅದನ್ನು ಟಿವಿಯ ಹಿಂದೆ ಸಿಕ್ಕಿಸಿದರೆ ಇಂಟರ್‌ನೆಟ್ಟಿನಿಂದ ಸಿನಿಮಾ, ಧಾರಾವಾಹಿ ಎಲ್ಲ ಬರುತ್ತಿತ್ತು. ಅದರಲ್ಲಿ ಒಂದು ಓದುವ ಧ್ವನಿಯೂ ಇತ್ತು. ರಿಮೋಟಿನ ಗುಂಡಿ ಒತ್ತಿದಂತೆಲ್ಲ ಪರದೆಯ ಮೇಲೆ ಏನಿದೆಯೆಂದು ಹೇಳುತ್ತಿತ್ತು. ರಿಮೋಟಿಗೆ ಏಳೇ ಗುಂಡಿ. ತುದಿ ಯಾವುದು ಬುಡ ಯಾವುದು ತಿಳಿಯಲೆಂದು ಅಕ್ಕ ಬುಡಕ್ಕೊಂದು ರಬ್ಬರ್ ಬ್ಯಾಂಡು ಸುತ್ತಿಕೊಂಡಳು. ಎರಡೇ ದಿನದಲ್ಲಿ ದಾರಿ ಬಾಯಿಪಾಠವಾಯಿತು. ಸಿನಿಮಾಕ್ಕೆ ಬಲಕ್ಕೆ ಮೂರು, ಕೆಳಕ್ಕೆ ಒಂದು; ಅರ್ಧಕ್ಕೆ ನಿಲ್ಲಿಸಿದ್ದನ್ನು ಮುಂದುವರಿಸಲು ಬಲಕ್ಕೆ ಒಂದು, ನಡುವಿನದು ಒತ್ತು. ಬೋರ್ಡಿನ ತೂತುಗಳ ಹಾಗೆಯೇ, ಇಟ್ಟದ್ದು ಇಟ್ಟ ಜಾಗದಲ್ಲೇ ಇರುತ್ತಿತ್ತು.

ಹೊಡೆದಾಟದ ಸಿನಿಮಾ ಅವಳಿಗೆ ಬೇಡವಾಗಿತ್ತು. ಅದರಲ್ಲಿ ಬರೀ ಧಡಬಡ, ಯಾರು ಬಿದ್ದರೋ ಯಾರು ಎದ್ದರೋ ತಿಳಿಯುವುದಿಲ್ಲ. ಅವಳು ಹಿಡಿದುಕೊಂಡದ್ದು ಒಂದು ಕೋರ್ಟಿನ ಧಾರಾವಾಹಿ. ಅದರಲ್ಲಿ ಎಲ್ಲವೂ ಮಾತೇ. ಸಾಕ್ಷಿ ಸುಳ್ಳು ಹೇಳಿದರೆ ಅವನ ಉಸಿರಿನಲ್ಲೇ ಅಕ್ಕನಿಗೆ ಗೊತ್ತಾಗುತ್ತಿತ್ತು. "ಸ್ವಾಮಿ, ಅವನು ಎಂಜಲು ನುಂಗಿದ, ಕೇಳಿಸ್ಲಿಲ್ವಾ?" ಎಂದು ಜಡ್ಜಿಗೆ ಜೋರು ಮಾಡುತ್ತಿದ್ದಳು. ಸಂಜೆ ತಮ್ಮನ ಹೆಂಡತಿ ಬಂದು ಚಪ್ಪಲಿ ಬಿಡುವಾಗಲೇ, "ಅತ್ತಿಗೆ, ಆ ಗುಮಾಸ್ತ ಒಪ್ಕೊಂಡ್ನಾ?" ಎಂದು ಕೇಳುತ್ತಿದ್ದಳು. ಅಕ್ಕ ಇಡೀ ದಿನದ ಕಲಾಪ ಒಪ್ಪಿಸುತ್ತಿದ್ದಳು. ಆ ಹೆಂಗಸಿನ ನಾಲಿಗೆ ಕತ್ತರಿಯೇ. ಆದರೆ ಆ ಅರ್ಧ ಗಂಟೆ ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಕಕ್ಷಿಯ ವಕೀಲರಾಗಿರುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಅಕ್ಕ ಲೋಟ ತೊಳೆದಿಟ್ಟು, ಬೆತ್ತದ ಕುರ್ಚಿಯಲ್ಲಿ ಕೂತು, ನೈಟಿಯ ಜೇಬಿನಿಂದ ರಿಮೋಟು ತೆಗೆದು ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ಎದ್ದು ಟಿವಿಯ ಹಿಂದೆ ಕೈಯಾಡಿಸಿದಳು. ಡಬ್ಬಿಯಿದ್ದ ಜಾಗದಲ್ಲಿ ನಾಲ್ಕು ವರ್ಷದ ಧೂಳಿನ ನಡುವೆ ನುಣ್ಣನೆಯ ಒಂದು ಚೌಕ ಮಾತ್ರ ಇತ್ತು.

ಅಷ್ಟರಲ್ಲಿ ಮನೆಯ ಹಳೆಯ ಫೋನು ಹೊಡೆದುಕೊಂಡಿತು. ಎಲ್ಲರೂ ಅದನ್ನು ತೆಗೆಸಿಬಿಡೋಣ ಎಂದಿದ್ದರು. ಐದರ ಗುಂಡಿಯ ಮೇಲೆ ಬೆರಳಿಗೆ ಸಿಗುವ ಚುಕ್ಕೆಯಿದೆ ಎಂದು ಅಕ್ಕ ಉಳಿಸಿಕೊಂಡಿದ್ದಳು.

"ಅಕ್ಕಾ, ಬೆಳಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ ನೋಡು, ಹೇಳೋಕಾಗ್ಲಿಲ್ಲ" ಎಂದ ತಮ್ಮ ಅಂಗಡಿಯಿಂದ. "ಡಬ್ಬಿ ನಾನೇ ತಂದಿದ್ದೀನಿ. ದೊಡ್ಡ ಟಿವಿ ಬಂದಿದೆ, ತೋರ್ಸೋಕೆ ಡಬ್ಬಿ ಇಲ್ಲ. ಯಜಮಾನ್ರು ತಲೆ ತಿಂತಿದ್ರು. ಸಂಜೆ ನಿಂಗೆ ಅದಕ್ಕಿಂತ ಒಳ್ಳೇದು ತರ್ತೀನಿ."

"ಕೇಳಬಹುದಿತ್ತಲ್ಲೋ."

"ಅದಕ್ಕೇ ಫೋನ್ ಮಾಡ್ದೆ."

ಅಕ್ಕ ಆ ದಿನವೆಲ್ಲ ಗಡಿಯಾರದ ಸದ್ದು ಕೇಳುತ್ತ ಕೂತಳು.

ಸಂಜೆ ಅವನು ತಂದದ್ದು ತನ್ನದೇ ಹಳೆಯ ಸ್ಮಾರ್ಟ್‌ಫೋನು ಮತ್ತು ಒಂದು ಮಾರುದ್ದದ ವೈರು. ಅವನಿಗೆ ಹೊಸ ಫೋನು ಬಂದಿತ್ತು. ವೈರಿನ ಒಂದು ತುದಿ ಟಿವಿಗೆ, ಇನ್ನೊಂದು ಫೋನಿನ ಬುಡಕ್ಕೆ. ಫೋನಿನಲ್ಲಿ ಏನಿದೆಯೋ ಅದೇ ಟಿವಿಯಲ್ಲಿ.

"ಈಗಿನ ಕಾಲದಲ್ಲಿ ಡಬ್ಬಿ ಯಾರಿಟ್ಕೊಳ್ತಾರಕ್ಕಾ? ಫೋನಿದ್ರೆ ಮುಗೀತು. ಡಬ್ಬಿ ಮಾಡೋದನ್ನೆಲ್ಲ ಇದು ಮಾಡುತ್ತೆ, ಡಬ್ಬಿ ಮಾಡ್ದೇ ಇರೋದನ್ನೂ ಮಾಡುತ್ತೆ."

ಅವನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಹಾಗಾದ್ರೆ ನಿಮ್ಮ ಯಜಮಾನ್ರಿಗೆ ಡಬ್ಬಿ ಯಾಕ್ರೀ ಬೇಕು? ಅಲ್ಲೂ ಫೋನೇ ಇಟ್ಕೊಳ್ಳಿ."

"ಅದು ಶೋಗೆ ಕಣೇ."

"ಶೋ ನಿಮ್ದು, ಕತ್ತಲೆ ನಮ್ದು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ನೆ ಹೇಳಿಲ್ಲ."

"ನೀನು ಸುಮ್ನಿರು. ಅಕ್ಕಾ, ಕೇಳು. ಒಂದು ವಾರ ನೋಡೋಣ. ಭಾನುವಾರ ಬೆಳಗ್ಗೆ ನಮ್ಮಿಬ್ರ ಮುಂದೆ ನೀನೇ ಫೋನಿಂದ ನಿನ್ನ ಕೋರ್ಟು ಹಾಕಿ ತೋರ್ಸು. ಆಗ್ಲಿಲ್ಲ ಅಂದ್ರೆ ಸೋಮವಾರ ಡಬ್ಬಿ ವಾಪಸ್. ನನ್ನಾಣೆ."

ಆಮೇಲೆ ಅವನು ರಿಮೋಟು ಕೇಳಿದ. ಅಕ್ಕ ಜೇಬಿಗೆ ಕೈಹಾಕಿ, ರಬ್ಬರ್ ಬ್ಯಾಂಡನ್ನು ಒಮ್ಮೆ ಮುಟ್ಟಿ ನೋಡಿ, ಕೊಟ್ಟಳು.

ಫೋನಿನಲ್ಲೂ ಓದುವ ಧ್ವನಿಯಿತ್ತು. ಬೆರಳನ್ನು ಬಲಕ್ಕೆ ಜಾರಿಸಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ಬಡಿದರೆ ಒಳಗೆ ಹೋಗುತ್ತದೆ. ಕೇಳಲು ಸುಲಭ. ಆದರೆ ಗಾಜಿಗೆ ತಲೆಯೂ ಇಲ್ಲ ಬುಡವೂ ಇಲ್ಲ. ಬೋರ್ಡಿನಲ್ಲಿ ತೂತು ಬೆರಳಿಗೆ ಸಿಗುತ್ತಿತ್ತು, ರಿಮೋಟಿನಲ್ಲಿ ಗುಂಡಿ ಸಿಗುತ್ತಿತ್ತು. ಇಲ್ಲಿ ಎಲ್ಲ ಕಡೆಯೂ ಒಂದೇ ನುಣುಪು, ನೀರಿನ ಮೇಲೆ ಬರೆದ ಹಾಗೆ. ಮೊದಲ ದಿನ ಅವಳು ಅಲಾರಂ ಇಟ್ಟಳು, ತನ್ನದೇ ಮೊಣಕಾಲಿನ ಫೋಟೋ ತೆಗೆದಳು, ಹವಾಮಾನ ಕೇಳಿದಳು. ಕೋರ್ಟು ಸಿಗಲಿಲ್ಲ.

ಎರಡನೆಯ ದಿನ ಜಾರಿಸುವುದನ್ನು ಎಣಿಸಿಟ್ಟುಕೊಂಡಳು: ಹನ್ನೊಂದು. ಮೂರನೆಯ ದಿನ ಅದು ಹದಿಮೂರಾಗಿತ್ತು. ನಡುವೆ ಯಾವುದೋ ಜಾಹೀರಾತು ಬಂದು ಕೂತಿತ್ತು. ಎಣಿಕೆ ನಂಬುವ ಹಾಗಿಲ್ಲ, ಒಂದೊಂದನ್ನೂ ಕೇಳಿಯೇ ಮುಂದೆ ಹೋಗಬೇಕು ಎಂದು ಅವಳು ತನಗೆ ತಾನೇ ಹೊಸ ಕಟ್ಟಳೆ ಮಾಡಿಕೊಂಡಳು. ಗಾಜಿನ ಮೇಲಿನ ಎಡ ಮೂಲೆಗೆ ಚಿಕ್ಕದೊಂದು ಅಂಟುಪಟ್ಟಿ ಅಂಟಿಸಿದಳು. ಫೋನಿಗೆ ಇರುವುದು ಒಂದೇ ತೂತು. ಅದರಲ್ಲಿ ಟಿವಿಯ ವೈರಿದ್ದರೆ ಚಾರ್ಜಿನ ವೈರಿಗೆ ಜಾಗವಿಲ್ಲ. ಎರಡೂವರೆ ಗಂಟೆಗೆ ಅದು ಪ್ರಾಣ ಬಿಡುತ್ತಿತ್ತು. ಡಬ್ಬಿ ಗೋಡೆಯಿಂದ ಕುಡಿಯುತ್ತಿತ್ತು, ಫೋನಿಗೆ ತನ್ನ ಹೊಟ್ಟೆಯಲ್ಲಿದ್ದಷ್ಟೇ. ಅಕ್ಕ ಅದಕ್ಕೂ ವೇಳಾಪಟ್ಟಿ ಮಾಡಿದಳು: ಎರಡೂವರೆ ಗಂಟೆ ಕೋರ್ಟು, ಎರಡು ಗಂಟೆ ಚಾರ್ಜು, ಮತ್ತೆ ಕೋರ್ಟು. ಶುಕ್ರವಾರ ಒಮ್ಮೆ, ಶನಿವಾರ ಮೂರು ಸಲ, ಯಾರ ಸಹಾಯವೂ ಇಲ್ಲದೆ ಧಾರಾವಾಹಿಯ ಸಂಗೀತ ಕೇಳಿಸಿತು. ವೈರು ಹಿಡಿದು ತೂತು ಹುಡುಕಿ ಸಿಕ್ಕಿಸುವಾಗ ಬರುವ ಟಕ್ ಎಂಬ ಸಣ್ಣ ಸದ್ದು ಅವಳಿಗೆ ಹಿಡಿಸಿಯೂಬಿಟ್ಟಿತು. ಎಷ್ಟೋ ವರ್ಷದ ಮೇಲೆ ಕೈಗೆ ಅದರ ಕೆಲಸ ಸಿಕ್ಕಿತ್ತು.

ಆದರೂ ಅವಳಿಗೆ ಬೇಕಾದದ್ದು ಡಬ್ಬಿಯೇ. ಅದು ಅವಳ ಮನಸ್ಸಿಗೂ ಗೊತ್ತಿತ್ತು, ತಮ್ಮನ ಹೆಂಡತಿಗೂ ಗೊತ್ತಿತ್ತು.

ಶನಿವಾರ ಸಂಜೆ ಆಕೆ ಒಣಗಿದ ಬಟ್ಟೆ ಮಡಿಸುತ್ತ ಹತ್ತಿರ ಬಂದು ಕೂತಳು. "ಅತ್ತಿಗೆ, ನಾಳೆ ಬೇಕಂತ್ಲೇ ತಪ್ಪು ಒತ್ತಿ."

"ಏನಂದೆ?"

"ಎರಡು ಸಲ ತಪ್ಪು ಒತ್ತಿ, ಮೂರನೇ ಸಲ ತಲೆ ಸುತ್ತುತ್ತೆ ಅನ್ನಿ. ಸೋಮವಾರ ಡಬ್ಬಿ ಬರುತ್ತೆ. ಆಣೆ ಇಟ್ಟಿದ್ದಾರಲ್ಲ."

"ಬರೋದನ್ನ ಬರಲ್ಲ ಅನ್ನೋದು ಹೇಗೆ?"

"ಬಾಯಿಂದ! ನಿಮ್ಮ ತಮ್ಮ ಅಂಗಡೀಲಿ ದಿನಕ್ಕೆ ಇಪ್ಪತ್ತು ಸುಳ್ಳು ಹೇಳ್ತಾರೆ. ನೀವು ಜೀವಮಾನಕ್ಕೊಂದು ಹೇಳಿದ್ರೆ ಆಕಾಶ ಬೀಳಲ್ಲ."

"ನೋಡೋಣ ಬಿಡೇ."

"ನೋಡೋಣ ಅಲ್ಲ ಅತ್ತಿಗೆ. ಈ ಫೋನು ಇವತ್ತು ಇಲ್ಲಿದೆ. ಫೋನಿಗೆ ಕಾಲಿದೆ. ಡಬ್ಬಿಗಿರ್ಲಿಲ್ಲ. ನಾನು ಹೇಳೋದು ಅಷ್ಟೇ."

ಅಕ್ಕ ಆ ರಾತ್ರಿ ಮಲಗುವ ಮುಂಚೆ ನಿರ್ಧಾರ ಮಾಡಿದಳು: ತಪ್ಪು ಒತ್ತುವುದು. ಎರಡೇ ಸಲ. ಇದರಿಂದ ಯಾರಿಗೂ ಒಂದು ಗಂಟೆಯೂ ಅಮ್ಮ ಇಲ್ಲದಂತೆ ಆಗುವುದಿಲ್ಲ.

ಭಾನುವಾರ ತಿಂಡಿ ಮುಗಿಸಿ ಅಕ್ಕ, ತಮ್ಮ ಟಿವಿಯ ಮುಂದೆ ಕೂತರು; ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ತಮ್ಮ ಕೈಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಸ್ಟಾರ್ಟ್!" ಎಂದ, ಓಟದ ಪಂದ್ಯ ಬಿಡುವವನ ಹಾಗೆ.

ಅಕ್ಕ ಅಂಟುಪಟ್ಟಿ ಹುಡುಕಿ ಫೋನನ್ನು ನೆಟ್ಟಗೆ ಹಿಡಿದಳು. ವೈರು ಸಿಕ್ಕಿಸಿದಳು. ಟಕ್. ಬೆರಳು ಜಾರಿಸಿದಳು. ಫೋನು ಒಂದೊಂದೇ ಓದುತ್ತ ಹೋಯಿತು. ಏಳನೆಯದಕ್ಕೆ ತಪ್ಪು ಮಾಡಬೇಕೆಂದು ಅವಳು ಗೊತ್ತು ಮಾಡಿಕೊಂಡಿದ್ದಳು. ಏಳನೆಯದು ಬಂತು. ಅಷ್ಟರಲ್ಲಿ ಫೋನು ನಡುವೆ ಬಾಯಿ ಹಾಕಿ, "ಬ್ಯಾಟರಿ ಶೇಕಡಾ ಹದಿನೈದು" ಎಂದಿತು. ಅವಳ ಬೆರಳು ನಿಂತಿತು. ಇದಕ್ಕಿಂತ ಒಳ್ಳೆಯ ನೆಪ ಬೇರೆ ಸಿಗುವಂತಿರಲಿಲ್ಲ. ಅಡುಗೆಮನೆಯ ಬಾಗಿಲ ಕಡೆಯಿಂದ ತಮ್ಮನ ಹೆಂಡತಿ ಒಮ್ಮೆ ಕೆಮ್ಮಿದಳು.

"ಸಿಕ್ಕಿಹಾಕ್ಕೊಂಡ್ಯಾ ಅಕ್ಕಾ?" ಎಂದ ತಮ್ಮ. ಅವನ ದನಿಯಲ್ಲಿ ನಗುವಿತ್ತು. ಹೊಸ ಆಪರೇಟರು ತಡವರಿಸಿದಾಗ ಡಾಕ್ಟರುಗಳ ದನಿಯಲ್ಲಿ ಇರುತ್ತಿತ್ತಲ್ಲ, ಅಂಥದ್ದೇ ನಗು.

ಆ ನಗುವೋ, ಅಥವಾ ಅಷ್ಟು ವರ್ಷದಿಂದ ಬೆರಳಲ್ಲಿ ಕೂತಿದ್ದ ಆ ಗಂಡಸೋ, ಯಾವುದು ಎಂದು ಅವಳಿಗೆ ಆಮೇಲೂ ತಿಳಿಯಲಿಲ್ಲ. ಕೈ ಅವಳನ್ನು ಕೇಳಲೇ ಇಲ್ಲ. ಎಚ್ಚರಿಕೆಯನ್ನು ಬದಿಗೆ ಸರಿಸಿತು, ಎಂಟು, ಒಂಬತ್ತು, ಹತ್ತು ದಾಟಿತು, "ಮುಂದುವರಿಸಿ" ಎಂದು ಕೇಳಿದ ಕೂಡಲೇ ಎರಡು ಸಲ ಬಡಿಯಿತು. ಟಿವಿಯಿಂದ ಕೋರ್ಟಿನ ಸಂಗೀತ ಹೊರಬಿತ್ತು.

"ಮೂರು ನಿಮಿಷ ಹತ್ತು ಸೆಕೆಂಡು!" ತಮ್ಮ ಚಪ್ಪಾಳೆ ತಟ್ಟಿದ. "ನಮ್ಮ ಅಂಗಡಿ ಹುಡುಗ್ರಿಗೂ ಇಷ್ಟು ಬೇಗ ಬರಲ್ಲ. ಗೆದ್ದೆ ಬಿಡು ಅಕ್ಕಾ!"

ಒಂದು ಕ್ಷಣ ಅಕ್ಕನಿಗೆ ನಿಜವಾಗಿ ಹೆಮ್ಮೆಯಾಯಿತು. ಅದನ್ನು ಮರೆಮಾಚಲೂ ಅವಳಿಗೆ ಬರಲಿಲ್ಲ. ಅಡುಗೆಮನೆಯಲ್ಲಿ ಒಂದು ಪಾತ್ರೆ ಢಣ್ ಎಂದಿತು.

"ಗೆದ್ದವ ಸೋತ, ಸೋತವ ಸತ್ತ" ಎಂದಳು ತಮ್ಮನ ಹೆಂಡತಿ. "ಇಷ್ಟು ದಿನ ಕೋರ್ಟು ಕೇಳಿದ್ದೀರಿ, ಇದೊಂದು ಗಾದೆ ಕಲೀಲಿಲ್ವಲ್ಲ ಅತ್ತಿಗೆ."

ಡಬ್ಬಿ ಬರಲಿಲ್ಲ. ಬರುವ ಮಾತೂ ಉಳಿಯಲಿಲ್ಲ.

ಮಂಗಳವಾರ ತಮ್ಮನ ಹೊಸ ಫೋನು ಅಂಗಡಿಯ ಮೆಟ್ಟಿಲ ಮೇಲೆ ಕೈಜಾರಿ ಬಿತ್ತು. ಗಾಜು ಚೂರಾಗಿ ರಿಪೇರಿಗೆ ಹೋಯಿತು. ಬುಧವಾರ ಬೆಳಗ್ಗೆ ಅವನು ಬೂಟು ಹಾಕಿಕೊಳ್ಳುತ್ತ, "ಅಕ್ಕಾ, ಎರಡೇ ದಿನ" ಎಂದು ಹಳೆಯ ಫೋನನ್ನು ವೈರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡ. ಅದರೊಳಗೆ ತನ್ನ ಸಿಮ್ಮು ಹಾಕಿದ. ಅಂಟುಪಟ್ಟಿ ಕಿತ್ತುಹಾಕಿದ, ಗಿರಾಕಿಗಳ ಮುಂದೆ ಅಸಹ್ಯವಾಗಿ ಕಾಣುತ್ತದಂತೆ.

ಎರಡು ದಿನ ಹತ್ತು ದಿನವಾಯಿತು. ಹೊಸ ಫೋನು ರಿಪೇರಿಯಾಗಿ ಬಂತು. ಅಷ್ಟರಲ್ಲಿ ಅಂಗಡಿಯ ಯಜಮಾನರು ಗಿರಾಕಿಗಳ ಕರೆಗೆಂದೇ ಅವನಿಗೆ ಬೇರೊಂದು ನಂಬರು ಕೊಟ್ಟಿದ್ದರು. ಮನೆಗೊಂದು ಫೋನು, ಅಂಗಡಿಗೊಂದು ಫೋನು ಎಂದಾಯಿತು. ಎರಡೂ ಬೆಳಗ್ಗೆ ಅವನ ಜೊತೆಗೇ ಹೊರಡುತ್ತಿದ್ದವು.

"ಸಂಜೆ ಬಂದು ನಾನೇ ಹಾಕ್ಕೊಡ್ತೀನಲ್ಲಕ್ಕಾ" ಎನ್ನುತ್ತಿದ್ದ. ಹಾಕಿಯೂ ಕೊಡುತ್ತಿದ್ದ, ಬೇಗ ಬಂದ ದಿನ. ಸಾಕ್ಷಿ ಕಟಕಟೆ ಹತ್ತಿ ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಕೋರ್ಟಿನ ನಡುವೆ ಟಿವಿಯೊಳಗಿಂದ ಯಾರೋ, "ಸಾರ್, ಆ ನಲವತ್ತಮೂರು ಇಂಚಿಂದು ಗೋಡೆಗೆ ಹಾಕೋಕೆ ಯಾವಾಗ ಬರ್ತಾರೆ?" ಎಂದು ಕೇಳುತ್ತಿದ್ದ. ತಮ್ಮ ಫೋನು ಕಿತ್ತುಕೊಂಡು ಬಾಲ್ಕನಿಗೆ ಹೋಗುತ್ತಿದ್ದ. ಸಾಕ್ಷಿ ಕಟಕಟೆಯಲ್ಲೇ ಮೂಗನಾಗುತ್ತಿದ್ದ. ಇಪ್ಪತ್ತು ನಿಮಿಷ ಕಳೆದು ಬಂದು, "ಎಲ್ಲಿದ್ವಿ?" ಎನ್ನುವಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು. ಕೆಲವು ದಿನದ ಮೇಲೆ, "ಏನು ಹಾಕ್ಲಿ ಅಕ್ಕಾ?" ಎಂದರೆ ಅಕ್ಕ, "ಏನೂ ಬೇಡ, ನೀನು ಸುಸ್ತಾಗಿದ್ದೀಯ" ಎನ್ನತೊಡಗಿದಳು.

"ಇನ್ನೊಂದು ಡಬ್ಬಿ ತಂದ್ಬಿಡೋ, ನನ್ನ ಪೆನ್ಷನ್ನಿಂದ್ಲೇ" ಎಂದು ಒಮ್ಮೆ ಕೇಳಿದಳು.

"ಹೊಸ ಸ್ಟಾಕು ಬರ್ಲಿ, ತರ್ತೀನಿ."

"ಬೇರೆ ಅಂಗಡೀಲಿ ನಾನು ತರ್ತೀನಿ ಬಿಡಿ" ಎಂದಳು ಅವನ ಹೆಂಡತಿ.

"ಟಿವಿ ಅಂಗಡಿಯವನ ಮನೆಗೆ ಇನ್ನೊಂದು ಅಂಗಡಿ ಡಬ್ಬಿನಾ? ಯಾರಾದ್ರೂ ನೋಡಿದ್ರೆ ನನ್ನ ಮುಖ ಎಲ್ಲಿಟ್ಕೊಳ್ಲಿ? ಅಷ್ಟಕ್ಕೂ ಫೋನೇ ಸಾಕು ಅಂತ ಅಕ್ಕಾನೇ ತೋರ್ಸಿದ್ಲಲ್ಲ."

ಅಕ್ಕನೇ ಸಾಕ್ಷಿ, ಅಕ್ಕನೇ ಕಕ್ಷಿ. ಸಂಜೆ ತಮ್ಮನ ಹೆಂಡತಿ ಚಪ್ಪಲಿ ಬಿಡುವಾಗ ಗುಮಾಸ್ತನ ಸುದ್ದಿ ಕೇಳುವುದನ್ನು ನಿಲ್ಲಿಸಿದಳು. ಏನೆಂದು ಕೇಳುವುದು? "ಕಾಫಿ ಕುಡಿದ್ರಾ?" ಎನ್ನುತ್ತಿದ್ದಳು. ಅಕ್ಕ ಹೂಂ ಎನ್ನುತ್ತಿದ್ದಳು.

ಡಬ್ಬಿ ಹೋಗಿ ಎರಡು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಹತ್ತು ಗಂಟೆಗೆ ಮನೆಯ ಫೋನು ಹೊಡೆದುಕೊಂಡಿತು.

"ಅಕ್ಕಾ, ಒಂದು ಉಪಕಾರ ಮಾಡು." ತಮ್ಮನ ದನಿ ಪಿಸುಮಾತಿನಲ್ಲಿತ್ತು. ಅವನ ಹಿಂದೆ ಜನರ ಗುಜುಗುಜು, ಅದರ ಮೇಲೆ ಅವಳಿಗೆ ತನ್ನ ಉಸಿರಿನಷ್ಟೇ ಪರಿಚಯವಿದ್ದ ಒಂದು ಧ್ವನಿ. "ಮುಖಪುಟ" ಎಂದಿತು ಅದು.

ಅಕ್ಕ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು.

"ಈ ನಿನ್ನ ಡಬ್ಬಿ ಬಾಯಿ ಮುಚ್ತಾ ಇಲ್ಲ" ಎಂದ ತಮ್ಮ. "ಇಷ್ಟು ದಿನ ಟಿವಿ ಸೌಂಡ್ ಪೂರ್ತಿ ಇಳಿಸಿ ಬರೀ ಚಿತ್ರ ತೋರಿಸ್ತಿದ್ವಿ. ಇವತ್ತು ಕಂಪನಿಯಿಂದ ದೊಡ್ಡೋರು ಬರ್ತಿದ್ದಾರೆ, ಸೌಂಡ್ ಬೇಕು. ಏನು ಒತ್ತಿದ್ರೂ ಗಿಣಿ ಹಾಗೆ ಓದುತ್ತೆ. ಎಲ್ಲ ನಗ್ತಿದ್ದಾರೆ. ನಾಲ್ಕು ಜನ ನೋಡಿದ್ವಿ, ಎಲ್ಲಿ ಆಫ್ ಮಾಡೋದು ಗೊತ್ತಾಗ್ತಿಲ್ಲ. ನಿಂಗೆ ಗೊತ್ತಿರುತ್ತಲ್ಲ?"

"ಗೊತ್ತು."

"ಬೇಗ ಹೇಳು."

"ಡಬ್ಬಿ ಯಾವಾಗ ತರ್ತೀಯೋ?"

"ಅಯ್ಯೋ ಅಕ್ಕಾ, ಇದನ್ನ ಸ್ಟ್ಯಾಂಡಿಗೆ ಸ್ಕ್ರೂ ಹಾಕಿ ಕೂರಿಸಿಬಿಟ್ಟಿದ್ದಾರೆ. ಆಮೇಲೆ ಮಾತಾಡೋಣ, ಯಜಮಾನ್ರು ನೋಡ್ತಿದ್ದಾರೆ. ನಿನ್ನ ಹೆಸರು ಇಲ್ಲಿ ಎಷ್ಟು ಫೇಮಸ್ಸು ಗೊತ್ತಾ? ನಮ್ಮಕ್ಕಂಗೆ ಕಣ್ಣೇ ಕಾಣಲ್ಲ, ಫೋನಿಂದ್ಲೇ ಟಿವಿ ನಡೆಸ್ತಾಳೆ ಅಂತ ಹೇಳ್ತೀನಿ. ಅದನ್ನ ಕೇಳಿ ಎಷ್ಟು ಜನ ಆ ವೈರು ತಗೊಂಡು ಹೋದ್ರು! ಹೇಳಕ್ಕಾ, ಬೇಗ."

ಈಗಲೂ ತಪ್ಪು ದಾರಿ ಹೇಳಬಹುದಿತ್ತು. ಎಡಕ್ಕೆ ಎಂಬಲ್ಲಿ ಬಲಕ್ಕೆ ಎಂದಿದ್ದರೆ ಸಾಕಿತ್ತು. ಕಂಪನಿಯ ದೊಡ್ಡವರ ಮುಂದೆ ಡಬ್ಬಿ ಮಾತಾಡುತ್ತಲೇ ಇರುತ್ತಿತ್ತು. ಯಜಮಾನರು ರೇಗಿ ಅದನ್ನು ಕಿತ್ತು ಮನೆಗೆ ಕಳಿಸುತ್ತಿದ್ದರೋ ಏನೋ. ಅಕ್ಕ ಇದನ್ನೆಲ್ಲ ಯೋಚಿಸಿದಳು. ಯೋಚಿಸುತ್ತಿದ್ದಾಗಲೇ ಅವಳ ಬಾಯಿ ಬೋರ್ಡಿನ ಮುಂದಿನ ದನಿಯಲ್ಲಿ ಹೇಳತೊಡಗಿತ್ತು:

"ರಬ್ಬರ್ ಬ್ಯಾಂಡು ನಿನ್ನ ಕಡೆ ಇರಲಿ."

"ಅದು ಯಾವಾಗ್ಲೋ ಬಿಸಾಕ್ದೆ."

"ಸರಿ. ಬಲಕ್ಕೆ ಒಂದು."

ಡಬ್ಬಿ ಅಂಗಡಿಯಲ್ಲಿ ಓದಿತು: "ಮುಂದುವರಿಸಿ. ಸಂಚಿಕೆ ನೂರ ಎಪ್ಪತ್ತಾರು. ಇಪ್ಪತ್ತೊಂದು ನಿಮಿಷ ಬಾಕಿ."

ಅದು ಅಕ್ಕನ ಸಂಚಿಕೆ. ಗುಮಾಸ್ತ ಕಟಕಟೆಯಲ್ಲಿ ನಿಂತಲ್ಲೇ ನಿಂತಿದ್ದ.

"ಆಮೇಲೆ?" ಎಂದ ತಮ್ಮ.

"ಅದನ್ನ ಒತ್ತಬೇಡ. ಕೆಳಗೆ ನಾಲ್ಕು. ಸೆಟ್ಟಿಂಗ್ಸ್ ಅಂತ ಅಂದ್ರೆ ನಡುವಿನದು ಒತ್ತು. ಒತ್ತಿದ್ಯಾ? ಮತ್ತೆ ಕೆಳಗೆ ಎರಡು. ಎರಡೇ. ಏನನ್ನುತ್ತೆ?"

"ಓದುವ ಧ್ವನಿ. ಆನ್."

"ನಡುವಿನದು ಒತ್ತು. ಎಡಕ್ಕೆ ಒಂದು. ಮತ್ತೆ ಒತ್ತು."

"ಓದುವ ಧ್ವನಿ, ಆಫ್" ಎಂದಿತು ಡಬ್ಬಿ. ಅದರ ಕೊನೆಯ ಮಾತು ಅದೇ. ಆಮೇಲೆ ಜನರ ಗುಜುಗುಜು, ಟಿವಿಯ ಯಾವುದೋ ಹಾಡು.

"ಅಬ್ಬ! ನೀನಿಲ್ದಿದ್ರೆ ಇವತ್ತು ಮಾನ ಹೋಗ್ತಿತ್ತು" ಎಂದ ತಮ್ಮ, ಬಾಯಿಯನ್ನು ಆಗಲೇ ಫೋನಿನಿಂದ ಆಚೆ ತಿರುಗಿಸಿದವನ ಹಾಗೆ. ಆಮೇಲೆ ಅವನಿಂದ ಸದ್ದಿಲ್ಲ.

ಅಕ್ಕ ಕಾದಳು. ಮೂವತ್ತೊಂದು ವರ್ಷದ ಅಭ್ಯಾಸ.

"ಮಾತು ಮುಗಿಯಿತೇ?" ಎಂದು ಕೇಳಿದಳು.

ಲೈನು ಆಗಲೇ ಕಡಿದುಹೋಗಿತ್ತು.

ಅವಳು ರಿಸೀವರನ್ನು ಇಟ್ಟು, ಗೋಡೆ ಹಿಡಿದು ಬೆತ್ತದ ಕುರ್ಚಿಗೆ ಬಂದಳು. ಟಿವಿಯಿಂದ ಜೋತಾಡುತ್ತಿದ್ದ ವೈರಿನ ತುದಿ ಅವಳ ಮೊಣಕೈಗೆ ತಗುಲಿತು. ಅದನ್ನು ಬೆರಳಿನಿಂದ ಒಮ್ಮೆ ತಡವಿ, ಮೂರು ಸುತ್ತು ಸುತ್ತಿ, ಟಿವಿಯ ಹಿಂದೆ ಆ ನುಣ್ಣನೆಯ ಚೌಕದ ಮೇಲಿಟ್ಟಳು. ಅಲ್ಲಿ ಆಗಲೇ ಹೊಸ ಧೂಳು ಕೂತಿತ್ತು.

ಗಡಿಯಾರ ಹತ್ತೂಕಾಲು ಹೊಡೆಯಿತು. ಸಂಜೆ ಆರಕ್ಕೆ ಬಾಗಿಲು ತೆರೆಯುತ್ತದೆ.